ನುಂಗಿದ ಮೇಲೆ ಬರುವ ಸಿಹಿ

ಅಂಗೈಯಲ್ಲಿಟ್ಟುಕೊಂಡು ನೋಡಿದರೆ ಅದನ್ನು ಚಹಾ ಎಂದು ಯಾರೂ ಹೇಳಲಾರರು. ಗಾತ್ರದಲ್ಲಿ ಕಾಳುಮೆಣಸಿಗಿಂತ ತುಸು ದಪ್ಪ. ಬಣ್ಣದಲ್ಲಿ ಹಸುರೂ ಅಲ್ಲದ, ಬೂದಿಯೂ ಅಲ್ಲದ, ಬೇಸಗೆಯಲ್ಲಿ ಬತ್ತಿದ ಹೊಳೆಯ ಪಾತ್ರದಲ್ಲಿ ಪಾಚಿ ಒಣಗಿ ಹತ್ತಿಕೊಂಡ ಬೆಣಚುಕಲ್ಲಿನ ಛಾಯೆ. ಉಗುರಿನಿಂದ ಅದುಮಿದರೆ ಜಗ್ಗದಷ್ಟು ಗಟ್ಟಿ. ಪಿಂಗಾಣಿಯ ಬಟ್ಟಲಿಗೆ ಸುರಿದರೆ ಹರಳು ಉದುರಿದಂತೆ ಸದ್ದು. ಚೀನಾ ದೇಶದ ಷಿಯಾಮೆನ್ ಬಂದರಿನಲ್ಲಿ ಕೆಲವು ವರ್ಷ ಉದ್ಯೋಗದಲ್ಲಿದ್ದು ಊರಿಗೆ ಮರಳಿದ ಸ್ನೇಹಿತರೊಬ್ಬರು ಇದರ ಒಂದು ಡಬ್ಬಿಯನ್ನು ನನ್ನ ಕೈಗಿತ್ತು, ‘ಹಾಲು ಬೇಡ, ಸಕ್ಕರೆ ಬೇಡ, ಕುಡಿದ ಮೇಲೆ ಒಡನೆಯೇ ಮಾತಾಡಬೇಡಿ, ಸ್ವಲ್ಪ ಹೊತ್ತು ಸುಮ್ಮನಿರಿ’ ಎಂದಿಷ್ಟೇ ಹೇಳಿ ಹೋದರು. ಅವರು ಹೋದ ಮೇಲೆ ಒಂದು ಉಂಡೆಯನ್ನು ಹಾಗೆಯೇ ನಾಲಗೆಯ ಮೇಲಿಟ್ಟುಕೊಂಡೆ. ಮೊದಲು ಹಿಟ್ಟಿನ ರುಚಿ, ಅನಂತರ ಮಣ್ಣಿನ ವಾಸನೆಯೊಡನೆ ಬೆರೆತ ಸಣ್ಣ ಕಹಿ, ಅದರ ಬೆನ್ನಿಗೆ ನಿಧಾನವಾಗಿ ಏರಿಬಂದ ಒಂದು ಸಿಹಿ. ಆ ಸಿಹಿಯ ಪರಿಚಯ ನನಗೆ ಬಾಲ್ಯದಿಂದಲೂ ಇತ್ತು. ಕೆಮ್ಮು ಬಂದಾಗ ಅಜ್ಜಿ ದವಡೆಯಲ್ಲಿ ಇಡಿಸುತ್ತಿದ್ದ ಜ್ಯೇಷ್ಠಮಧುವಿನ ಬೇರಿನ ಸಿಹಿಯೇ ಅದು.

ಡಬ್ಬಿಯ ಮೇಲಿದ್ದ ಹೆಸರು ‘ಲಾನ್ ಗ್ವೀರೆನ್’. ‘ರೆನ್‌ಷೆನ್ ಊಲಾಂಗ್’, ಅಂದರೆ ಜಿನ್ಸೆಂಗ್ ಬೇರಿನ ಊಲಾಂಗ್, ಎಂದು ಜನ ಅಂಗಡಿಯಲ್ಲಿ ಕೇಳಿ ಕೊಳ್ಳುವುದೂ ಇದನ್ನೇ. ‘ಲಾನ್’ ಎಂದರೆ ಆರ್ಕಿಡ್; ನಮ್ಮ ಮಲೆನಾಡಿನ ಮರಗಳ ಮೇಲೆ ತೂಗುವ ಸೀತಾಳೆದಂಡೆಯ ಕುಲದ ಹೂವು. ‘ಗ್ವೀರೆನ್’ ಎಂಬುದು ಚೀನಾ ಚಕ್ರವರ್ತಿಯ ಅಂತಃಪುರದಲ್ಲಿ ಕೆಳಗಣ ಶ್ರೇಣಿಯ ರಾಣಿಯೊಬ್ಬಳಿಗೆ ಸಲ್ಲುತ್ತಿದ್ದ ಪದವಿ. 1852ರಲ್ಲಿ ಮಂಚು ಕುಲದ ಹದಿನಾರು ವರ್ಷದ ಹುಡುಗಿಯೊಬ್ಬಳು ಇದೇ ಬಿರುದನ್ನು ಹೊತ್ತು ಷಿಯೆನ್‌ಫೆಂಗ್ ಚಕ್ರವರ್ತಿಯ ಅರಮನೆಯನ್ನು ಹೊಕ್ಕು, 1856ರಲ್ಲಿ ಅವನಿಗೊಬ್ಬ ಮಗನನ್ನು ಹೆತ್ತು, 1861ರಲ್ಲಿ ಅವನು ತೀರಿಕೊಂಡ ತರುವಾಯ ರಾಜ್ಯದ ಸೂತ್ರವನ್ನು ಕೈಗೆ ತೆಗೆದುಕೊಂಡು, 1908ರಲ್ಲಿ ತಾನು ಕಣ್ಮುಚ್ಚುವವರೆಗೂ ಬಹುಮಟ್ಟಿಗೆ ಅದನ್ನು ಸಡಿಲಬಿಡದೆ ಹಿಡಿದಿದ್ದಳು. ರಾಜಮಾತೆ ತ್ಸುಶೀ ಎಂದು ಇತಿಹಾಸ ಬಲ್ಲುದು ಆಕೆಯನ್ನೇ. ಆಕೆಗೆ ಈ ಚಹಾ ಬಲು ಪ್ರಿಯವಾಗಿತ್ತು, ಆದ್ದರಿಂದ ಆಕೆಯ ಮೊದಲ ಬಿರುದೇ ಇದರ ಹೆಸರಾಯಿತು ಎಂದು ಅಂಗಡಿಯವರು ಹೇಳುತ್ತಾರೆ. ಬಿರುದು ಇತಿಹಾಸ, ಬಿರುದಿಗೂ ಬಟ್ಟಲಿಗೂ ಕಟ್ಟಿದ ಈ ನಂಟು ವರ್ತಕರ ಬಾಯಿಂದ ಬಾಯಿಗೆ ಬಂದ ಕಥೆಯೆಂದೇ ನಾನು ಎಣಿಸುತ್ತೇನೆ. ಆದರೂ ಕಥೆ ಕಟ್ಟಿದವನಿಗೆ ಒಂದು ಔಚಿತ್ಯಜ್ಞಾನವಿತ್ತು ಎನ್ನದೆ ವಿಧಿಯಿಲ್ಲ. ಏಕೆಂದರೆ ಜಿನ್ಸೆಂಗ್ ಬೇರು ಚೀನಾದ ಈಶಾನ್ಯದಲ್ಲಿ, ಮಂಚು ಅರಸರ ಮೂಲಸ್ಥಾನವಾದ ಛಾಂಗ್‌ಬಾಯ್ ಪರ್ವತದ ಕಾಡುಗಳಲ್ಲಿ ಹುಟ್ಟಿದ್ದು; ಊಲಾಂಗ್ ಎಲೆ ಆಗ್ನೇಯದ ಕರಾವಳಿ ಪ್ರಾಂತವಾದ ಫೂಜಿಯಾನಿನದು. ದೇಶದ ಎರಡು ದೂರದ ಅಂಚುಗಳಿಂದ ಬಂದ ಇವೆರಡನ್ನು ಒಂದುಗೂಡಿಸಿದ ಪಾನೀಯಕ್ಕೆ ಉತ್ತರದ ಮಂಚು ರಾಣಿಯ ಹೆಸರು ಒಪ್ಪುತ್ತದೆ. ಈಗ ಇದು ಫೂಜಿಯಾನಿನಲ್ಲಿಯೂ ತೈವಾನಿನಲ್ಲಿಯೂ ತಯಾರಾಗುತ್ತದೆ. ದಕ್ಷಿಣದ ಹೈನಾನ್ ದ್ವೀಪದಲ್ಲಂತೂ ಪ್ರವಾಸಿಗಳು ಊರಿಗೆ ಒಯ್ಯುವ ಕಾಣಿಕೆಗಳಲ್ಲಿ ಇದೂ ಒಂದು.

ಬೇರಿನ ಮಾತನ್ನು ಆಡುವುದಕ್ಕೆ ಮೊದಲು ಎಲೆಯ ಮಾತನ್ನು ಆಡಬೇಕು. ನಾವು ಹಾಲು ಸಕ್ಕರೆ ಬೆರೆಸಿ ಕುಡಿಯುವ ಕಪ್ಪು ಚಹಾ, ಆರೋಗ್ಯಕ್ಕೆಂದು ಕೆಲವರು ಕುಡಿಯುವ ಹಸುರು ಚಹಾ, ಈ ಊಲಾಂಗ್, ಇವೆಲ್ಲ ಒಂದೇ ಗಿಡದ ಎಲೆಗಳು. ಭೇದವಿರುವುದು ಕೊಯ್ದ ಮೇಲೆ ಎಲೆಗೆ ನಡೆಸುವ ಸಂಸ್ಕಾರದಲ್ಲಿ. ಎಲೆ ಜಜ್ಜಿಹೋದಾಗ ಅದರೊಳಗಿನ ಕಿಣ್ವ ಗಾಳಿಯೊಡನೆ ಸೇರಿ ಎಲೆಯ ಒಗರು ಪದಾರ್ಥಗಳನ್ನು ಉತ್ಕರ್ಷಣಗೊಳಿಸಿ ಕೆಂಪಾಗಿಸುತ್ತದೆ. ಕಪ್ಪು ಚಹಾದಲ್ಲಿ ಈ ಕ್ರಿಯೆ ಪೂರ್ಣವಾಗಿ ನಡೆಯಲು ಬಿಡುತ್ತಾರೆ. ಹಸುರು ಚಹಾದಲ್ಲಿ ಎಲೆಯನ್ನು ಒಡನೆಯೇ ಬಿಸಿಮಾಡಿ ಅದನ್ನು ತಡೆದುಬಿಡುತ್ತಾರೆ. ಊಲಾಂಗ್ ಇವೆರಡರ ನಡುವಣ ದಾರಿ. ಆ ದಾರಿ ನಡೆಯುವುದು ಸುಲಭವಲ್ಲ. ಬಲಿತ ಮೂರು ನಾಲ್ಕು ಎಲೆಗಳ ಕುಡಿಯನ್ನು ಕೊಯ್ದು, ಬಿಸಿಲಿನಲ್ಲಿ ಬಾಡಿಸಿ, ಬಿದಿರಿನ ತೊಟ್ಟಿಲಲ್ಲಿ ಹಾಕಿ ಅಲುಗಿಸಿ, ಹರವಿ ಮಲಗಿಸಿ, ಮತ್ತೆ ಅಲುಗಿಸಿ, ಮತ್ತೆ ಮಲಗಿಸಿ, ಹೀಗೆ ರಾತ್ರಿಯೆಲ್ಲ ಎಚ್ಚರವಾಗಿ ಕಾಯುತ್ತಾರೆ. ಅಲುಗಿದಾಗ ಎಲೆಯ ಅಂಚುಗಳು ಮಾತ್ರ ಒಂದಕ್ಕೊಂದು ತಾಗಿ ಗಾಯಗೊಂಡು ಕೆಂಪೇರುತ್ತವೆ, ನಡುಭಾಗ ಹಸುರಾಗಿಯೇ ಉಳಿಯುತ್ತದೆ. ಹಸಿ ಹುಲ್ಲಿನ ವಾಸನೆ ಕಳೆದು ಹೂವಿನ ವಾಸನೆ ಹುಟ್ಟುತ್ತದೆ. ಅದು ಹುಟ್ಟಿದ ಗಳಿಗೆಯನ್ನು ಮೂಗಿನಿಂದಲೇ ಅರಿತು ಎಲೆಯನ್ನು ಕಾದ ಬಾಣಲೆಗೆ ಹಾಕಬೇಕು. ಅರ್ಧ ಗಂಟೆ ತಡವಾದರೂ ಆ ರಾತ್ರಿಯ ಶ್ರಮ ಕೆಟ್ಟಂತೆಯೇ. ಆಮೇಲೆ ಫೂಜಿಯಾನಿನ ಆನ್‌ಶಿ ಸೀಮೆಯಲ್ಲಿಯೂ ತೈವಾನಿನಲ್ಲಿಯೂ ಎಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಉರುಳಿಸಿ, ಬಿಚ್ಚಿ, ಮತ್ತೆ ಕಟ್ಟಿ, ಹತ್ತಾರು ಸಲ ಇದನ್ನೇ ಮಾಡಿ ಒಂದೊಂದು ಕುಡಿಯೂ ಬಿಗಿಯಾದ ಗುಂಡಾಗುವಂತೆ ಮಾಡುತ್ತಾರೆ. ನನ್ನ ಅಂಗೈಯಲ್ಲಿದ್ದ ಗಟ್ಟಿತನಕ್ಕೆ ಕಾರಣ ಈ ಉರುಳಿಕೆಯೇ.

ಊಲಾಂಗ್ ಎಂಬ ಮಾತಿಗೆ ‘ಕಪ್ಪು ಡ್ರ್ಯಾಗನ್’ ಎಂದರ್ಥ. ಕ್ರಿ.ಶ. 1391ರಲ್ಲಿ ಮಿಂಗ್ ವಂಶದ ಮೂಲಪುರುಷನಾದ ಹಾಂಗ್‌ವೂ ಚಕ್ರವರ್ತಿ, ಅಚ್ಚು ಹಾಕಿದ ಬಿಲ್ಲೆ ಚಹಾದ ಕಪ್ಪವನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ತರಬೇಕೆಂದು ಆಜ್ಞೆ ಮಾಡಿದನು. ಬಿಡಿ ಎಲೆಯೊಡನೆ ಪರೀಕ್ಷೆ ಮಾಡುತ್ತ ಮಾಡುತ್ತ ಫೂಜಿಯಾನಿನ ವೂಯಿ ಬೆಟ್ಟಗಳವರು ಮುಂದಿನ ಶತಮಾನಗಳಲ್ಲಿ ಈ ಅರೆಗೆಂಪು ಚಹಾದ ವಿದ್ಯೆಯನ್ನು ಸಾಧಿಸಿದರು. ಈ ಪ್ರಾಂತಕ್ಕೂ ನಮ್ಮ ಅಡಿಗೆಮನೆಗೂ ಒಂದು ಸಂಬಂಧವುಂಟು. ಕನ್ನಡದಲ್ಲಿ ನಾವು ಟೀ ಎಂದೂ ಚಹಾ ಎಂದೂ ಎರಡನ್ನೂ ಆಡುತ್ತೇವಷ್ಟೆ. ಎರಡೂ ಚೀನಾದ ಮಾತುಗಳೇ. ಚೀನಾದ ಬಹುಭಾಗದ ಜನ ‘ಛಾ’ ಎನ್ನುವುದು ನೆಲದ ಮೇಲಣ ವರ್ತಕರ ಬಾಯಲ್ಲಿಯೂ ಪೋರ್ಚುಗೀಸರ ಬಾಯಲ್ಲಿಯೂ ಪಯಣಿಸಿ ನಮಗೆ ಚಹಾ ಆಯಿತು; ಫೂಜಿಯಾನಿನದೇ ಆದ ಷಿಯಾಮೆನ್ ಕರಾವಳಿಯವರ ‘ತೆ’ ಡಚ್ಚರ ಹಡಗನ್ನೇರಿ ಯೂರೋಪನ್ನು ಸುತ್ತಿ, ಇಂಗ್ಲಿಷರ ಜೊತೆಯಲ್ಲಿ ಟೀ ಆಗಿ ನಮ್ಮಲ್ಲಿಗೆ ಬಂದಿತು.

ಇನ್ನು ಬೇರು. ತಯಾರಾದ ಊಲಾಂಗ್ ಗುಂಡುಗಳಿಗೆ ತುಸು ತೇವ ಕೊಟ್ಟು, ಬೇರಿನ ನುಣ್ಣನೆಯ ಪುಡಿಯೊಡನೆ ಉರುಳಿಸಿ, ಮೆಲ್ಲನೆಯ ಕಾವಿನಲ್ಲಿ ಒಣಗಿಸುತ್ತಾರೆ. ಸಂಕ್ರಾಂತಿಗೆ ಕುಸುರೆಳ್ಳು ಮಾಡುವವರ ಕೈಯ ಲಯವನ್ನು ನೋಡಿದವರಿಗೆ ಈ ಕೆಲಸವನ್ನು ವಿವರಿಸಬೇಕಾದ್ದಿಲ್ಲ. ಎಳ್ಳಿನ ಮೇಲೆ ಸಕ್ಕರೆ ಕೂರುವಂತೆ ಎಲೆಯ ಮೇಲೆ ಬೇರು ಕೂರುತ್ತದೆ. ಚೀನೀ ಭಾಷೆಯಲ್ಲಿ ‘ರೆನ್‌ಷೆನ್’ ಎಂಬುದರಲ್ಲಿ ‘ರೆನ್’ ಎಂದರೆ ಮನುಷ್ಯ. ಕೈಕಾಲು ಚಾಚಿದ ಆಳಿನಂತೆ ಕವಲೊಡೆಯುವ ಬೇರಾದ್ದರಿಂದ ಆ ಹೆಸರು. ಚೀನಾದ ಅತಿ ಪ್ರಾಚೀನ ಔಷಧಗ್ರಂಥವಾದ ‘ಷೆನ್‌ನಾಂಗ್ ಬೆನ್‌ಸಾವ್ ಜಿಂಗ್’ ಅದನ್ನು ಮೇಲ್ದರ್ಜೆಯ ಮೂಲಿಕೆಗಳ ಸಾಲಿನಲ್ಲಿ ಇರಿಸಿದೆ. ಆದರೆ ಈ ಚಹಾದ ಮೇಲಿರುವುದು ಅನೇಕ ವೇಳೆ ಆ ಚೀನೀ ಬೇರಲ್ಲ. ಕಡಲಾಚೆಯ ಅದರ ಸೋದರಿ, ಅಮೆರಿಕದ ಜಿನ್ಸೆಂಗ್.

ಅದು ಚೀನಾಕ್ಕೆ ಬಂದ ವೃತ್ತಾಂತ ಸ್ವಾರಸ್ಯವಾದುದು. ಚಕ್ರವರ್ತಿಗಾಗಿ ಭೂಪಟ ಬರೆಯುತ್ತ ಮಂಚೂರಿಯಾದಲ್ಲಿ ತಿರುಗಿದ ಜಾರ್ತೂ ಎಂಬ ಫ್ರೆಂಚ್ ಜೆಸುಯಿಟ್ ಪಾದ್ರಿ 1711ರಲ್ಲಿ ಬರೆದ ಪತ್ರವೊಂದರಲ್ಲಿ ಈ ಗಿಡವನ್ನು ವರ್ಣಿಸಿ, ಇಂಥದೇ ಬೆಟ್ಟ ಕಾಡುಗಳಿರುವ ಕೆನಡಾದಲ್ಲಿ ಪ್ರಾಯಶಃ ಇದು ಸಿಕ್ಕೀತು ಎಂದು ಊಹಿಸಿದನು. ಆ ಪತ್ರವನ್ನೋದಿದ ಲಾಫಿಟೊ ಎಂಬ ಇನ್ನೊಬ್ಬ ಪಾದ್ರಿ ಮಾಂಟ್ರಿಯಲ್ ಬಳಿಯ ಕಾಡುಗಳಲ್ಲಿ ಹುಡುಕಿ, ಅಲ್ಲಿಯ ಮೋಹಾಕ್ ಜನರ ನೆರವಿನಿಂದ 1716ರಲ್ಲಿ ಗಿಡವನ್ನು ಕಂಡೇಬಿಟ್ಟನು. ನೋಡದ ಖಂಡದಲ್ಲಿ ಕಾಣದ ಗಿಡವನ್ನು ಕೇವಲ ಅನುಮಾನಪ್ರಮಾಣದಿಂದ ಸೂಚಿಸಿದ ಆ ಮನುಷ್ಯನ ಸೂಕ್ಷ್ಮದೃಷ್ಟಿಯನ್ನು ನೆನೆದಾಗಲೆಲ್ಲ ನನಗೆ ಗೌರವವುಂಟಾಗುತ್ತದೆ. ಮುಂದೆ, ಅಮೆರಿಕ ಸ್ವತಂತ್ರವಾದ ಹೊಸದರಲ್ಲಿ, 1784ರ ಫೆಬ್ರವರಿ 22ರಂದು ‘ಎಂಪ್ರೆಸ್ ಆಫ್ ಚೈನಾ’ ಎಂಬ ಹಡಗು ಸುಮಾರು 30 ಟನ್ ಜಿನ್ಸೆಂಗ್ ಬೇರನ್ನು ತುಂಬಿಕೊಂಡು ನ್ಯೂಯಾರ್ಕನ್ನು ಬಿಟ್ಟು ಕ್ಯಾಂಟನ್ ಬಂದರಿಗೆ ಬಂದು, ಮರುವರ್ಷ ಚಹಾವನ್ನು ತುಂಬಿಕೊಂಡು ಮರಳಿತು. ಬೇರು ಕೊಟ್ಟು ಎಲೆ ತಂದ ಆ ವ್ಯಾಪಾರದ ಎರಡು ಸರಕುಗಳೂ ಈಗ ನನ್ನ ಡಬ್ಬಿಯೊಳಗೆ ಒಂದೇ ಗುಂಡಿನಲ್ಲಿ ಅಂಟಿಕೊಂಡಿದ್ದವು. ಚೀನಾದ ವೈದ್ಯರು ಪದಾರ್ಥಗಳನ್ನು ನಮ್ಮವರಂತೆಯೇ ಉಷ್ಣ, ತಂಪು ಎಂದು ವಿಂಗಡಿಸುತ್ತಾರೆ. ತಮ್ಮ ದೇಶದ ಬೇರು ಉಷ್ಣ, ‘ಪಶ್ಚಿಮ ಸಾಗರದ ಬೇರು’ ಎಂದು ಅವರು ಕರೆಯುವ ಅಮೆರಿಕದ್ದು ತಂಪು ಎಂಬುದು ಅವರ ಎಣಿಕೆ. ಸೆಕೆಯ ದಕ್ಷಿಣ ಪ್ರಾಂತಗಳವರು ಈ ತಂಪಿನ ಬೇರನ್ನು ಮೆಚ್ಚಿದ್ದು ಸಹಜವೇ.

ಹೆಸರು ಜಿನ್ಸೆಂಗಿನದಾದರೂ ನಾಲಗೆಯ ಮೇಲೆ ದುಡಿಯುವುದು ಮಾತ್ರ ಬಹುಪಾಲು ಜ್ಯೇಷ್ಠಮಧುವೇ ಎಂದು ಇಲ್ಲಿ ಹೇಳಲೇಬೇಕು. ಜಿನ್ಸೆಂಗ್ ಬೇರಿನದು ಮಣ್ಣಿನ ಕಂಪಿನ ಕಹಿಮಿಶ್ರವಾದ ರುಚಿ. ಸಿಹಿಯನ್ನು ಕೊಡುವುದು, ಪುಡಿಯಲ್ಲಿ ಅದರೊಡನೆ ಬೆರೆಸುವ, ಚೀನೀಯರು ‘ಗಾನ್‌ಸಾವ್’ ಎನ್ನುವ ಜ್ಯೇಷ್ಠಮಧು. ‘ಗಾನ್’ ಎಂದರೆ ಸಿಹಿ, ‘ಸಾವ್’ ಎಂದರೆ ಹುಲ್ಲು, ಮೂಲಿಕೆ. ನಮ್ಮ ವೈದ್ಯರ ಯಷ್ಟಿಮಧುವಿನಲ್ಲಿ ಯಷ್ಟಿ ಎಂದರೆ ಕೋಲು. ಅವರಿಗೆ ಸಿಹಿ ಹುಲ್ಲು, ನಮಗೆ ಸಿಹಿ ಕೋಲು. ಬಗೆಬಗೆಯ ಮೂಲಿಕೆಗಳನ್ನು ಕೂಡಿಸಿದ ಯೋಗದಲ್ಲಿ ಒಂದರ ಉಗ್ರತೆಯನ್ನು ಇನ್ನೊಂದಕ್ಕೆ ಹೊಂದಿಸುವ ಗುಣ ಇದಕ್ಕಿದೆಯೆಂದು ಚೀನಾದ ವೈದ್ಯರು ಇದನ್ನು ‘ರಾಜ್ಯದ ಹಿರಿಯ’ ಎಂದೇ ಕರೆದರು. ಇದರಲ್ಲಿರುವ ಗ್ಲಿಸಿರ‍್ರೈಝಿನ್ ಎಂಬ ಪದಾರ್ಥ ಸಕ್ಕರೆಗಿಂತ ಮೂವತ್ತರಿಂದ ಐವತ್ತು ಪಾಲು ಸಿಹಿ. ಆದರೆ ಸಕ್ಕರೆಯಂತೆ ಮುಟ್ಟಿದೊಡನೆ ಸಿಹಿಯೆನಿಸಿ ಮಾಯವಾಗದು, ತಡವಾಗಿ ಏರಿ ಬಹಳ ಹೊತ್ತು ನಿಲ್ಲುತ್ತದೆ.

ಈ ತಡವಾಗಿ ಬರುವ ಸಿಹಿಗೆ ಚೀನಾದ ಚಹಾರಸಿಕರಲ್ಲಿ ಒಂದು ವಿಶೇಷ ಮರ್ಯಾದೆಯುಂಟು. ‘ಹ್ವೇಗಾನ್’, ಮರಳಿ ಬರುವ ಸಿಹಿ, ಎಂದು ಅದರ ಹೆಸರು. ಒಗರನ್ನೂ ಕಹಿಯನ್ನೂ ನುಂಗಿದ ತರುವಾಯ ಗಂಟಲಿನ ಆಳದಿಂದ ಬಾಯಿಗೆ ಹಿಂದಿರುಗುವ ಈ ಅನುಭವವನ್ನು ಅವರು ತಮ್ಮಲ್ಲಿಯ ಒಂದು ಬಗೆಯ ಆಲಿವ್ ಕಾಯಿಗೆ ಹೋಲಿಸುತ್ತಾರೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಬೆಟ್ಟದ ನೆಲ್ಲಿಕಾಯನ್ನು ಕಚ್ಚಿ ತಿಂದು, ಮೇಲೊಂದು ಲೋಟ ತಣ್ಣೀರು ಕುಡಿದ ಮಕ್ಕಳೆಲ್ಲರಿಗೂ ಹ್ವೇಗಾನ್ ಎಂದರೇನೆಂದು ಗೊತ್ತು. ಒಳ್ಳೆಯ ಊಲಾಂಗಿಗೆ ಈ ಗುಣ ಸ್ವಭಾವತಃ ಇರುತ್ತದೆ. ಜ್ಯೇಷ್ಠಮಧು ಅದನ್ನು ಹಿಗ್ಗಿಸಿ, ಅನುಭವವಿಲ್ಲದವನ ನಾಲಗೆಗೂ ಸ್ಪಷ್ಟವಾಗಿ ತಿಳಿಯುವಂತೆ ಮಾಡುತ್ತದೆ. ನನ್ನ ಸ್ನೇಹಿತರು ಸುಮ್ಮನಿರಲು ಹೇಳಿದ್ದರ ಅರ್ಥ ಇದೇ: ಈ ಚಹಾದ ರುಚಿಯ ಒಳ್ಳೆಯ ಪಾಲು ಬಟ್ಟಲನ್ನು ಕೆಳಗಿಟ್ಟ ಮೇಲೆಯೇ ಪ್ರಾರಂಭವಾಗುತ್ತದೆ.

ಚಹಾಕ್ಕೆ ಬೇರೆ ಪದಾರ್ಥ ಬೆರೆಸುವುದು ಅಪಚಾರವಲ್ಲವೆ ಎಂದು ಕೇಳುವವರು ಚೀನಾದಲ್ಲಿ ಇಂದಿಗೂ ಇದ್ದಾರೆ. ಅವರ ಹಿಂದೆ ದೊಡ್ಡ ಪರಂಪರೆಯೂ ಇದೆ. ಎಂಟನೆಯ ಶತಮಾನದಲ್ಲಿ ‘ಛಾ ಜಿಂಗ್’ ಎಂಬ ಚಹಾಶಾಸ್ತ್ರವನ್ನು ರಚಿಸಿದ ಲೂ ಯೂ, ಈರುಳ್ಳಿಸೊಪ್ಪು, ಶುಂಠಿ, ಕಿತ್ತಳೆಸಿಪ್ಪೆ, ಪುದೀನ ಮೊದಲಾದುವನ್ನು ಹಾಕಿ ಕುದಿಸಿದ ಚಹಾವನ್ನು ಚರಂಡಿಯ ನೀರಿಗೆ ಸಮವೆಂದು ಜರೆದನು. ಆದರೂ ತಾನು ಕಾಯಿಸುವ ನೀರಿಗೆ ಚಿಟಿಕೆ ಉಪ್ಪು ಹಾಕುವುದನ್ನು ಅವನು ಬಿಡಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಫೂಜಿಯಾನಿನವನೇ ಆದ ಸಾಯ್ ಶಿಯಾಂಗ್, ಅರಮನೆಗೆ ಕಪ್ಪವಾಗಿ ಹೋಗುವ ಚಹಾಕ್ಕೆ ಪರಿಮಳ ಹೆಚ್ಚಲೆಂದು ತುಸು ಕರ್ಪೂರದ ಜಾತಿಯ ದ್ರವ್ಯ ಸೇರಿಸುತ್ತಿದ್ದರೆಂದೂ, ಚಹಾ ಬೆಳೆಯುವ ಜನ ತಮ್ಮತಮ್ಮಲ್ಲಿ ಪಂದ್ಯ ಕಟ್ಟಿ ಕುಡಿಯುವಾಗ ಮಾತ್ರ ಅದನ್ನು ಸೇರಿಸುತ್ತಿರಲಿಲ್ಲವೆಂದೂ ಬರೆದಿದ್ದಾನೆ. ಎಲೆಯನ್ನು ಬಲ್ಲವರು ಎಲೆಯನ್ನೇ ಬಯಸಿದರು. ಈ ವಾದಕ್ಕೆ ನಾನು ತಲೆಬಾಗುತ್ತೇನೆ; ಆದರೂ ಜಿನ್ಸೆಂಗ್ ಊಲಾಂಗನ್ನು ಪಕ್ಕಕ್ಕೆ ಸರಿಸಲು ಒಪ್ಪಲಾರೆ. ಇಲ್ಲಿ ಬೇರು ಎಲೆಯೊಡನೆ ಕುದಿದು ಕಲಸಿಹೋಗುವುದಿಲ್ಲ. ಹೊರಗಿನ ಕವಚವಾಗಿ ಮೊದಲ ಎರಡು ಮೂರು ಬಟ್ಟಲಿನಲ್ಲಿ ತನ್ನ ಕೆಲಸ ಮುಗಿಸಿ ಹಿಂದೆ ಸರಿದು, ಉಳಿದ ಬಟ್ಟಲುಗಳನ್ನು ಎಲೆಗೆ ಬಿಟ್ಟುಕೊಡುತ್ತದೆ.

ಹಾಗಾಗಬೇಕಾದರೆ ಎಲೆ ಒಳ್ಳೆಯದಿರಬೇಕು. ಕೀಳು ಎಲೆಯ ದೋಷವನ್ನು ಮುಚ್ಚಲು ಪುಡಿ ಬಹಳ ಅನುಕೂಲ, ತೂಕವೂ ಹೆಚ್ಚುತ್ತದೆ. ಕೊಳ್ಳುವವರು ನೋಡಬೇಕಾದದ್ದು ಇಷ್ಟು: ಕವಚ ತೆಳ್ಳಗೆ ಸಮನಾಗಿರಬೇಕು, ಡಬ್ಬಿಯ ತಳದಲ್ಲಿ ಪುಡಿ ರಾಶಿಬಿದ್ದಿರಬಾರದು, ಚಹಾ ತುಸು ಮಂಜಾದರೂ ಹೊನ್ನಿನ ಬಣ್ಣಕ್ಕಿರಬೇಕು, ಗಂಜಿಯಂತೆ ಬಗ್ಗಡವಾಗಬಾರದು, ಸಿಹಿ ನಾಲಗೆಯ ತುದಿಗೇ ಹೊಡೆದು ಅಂಟಿಕೊಳ್ಳದೆ ಗಂಟಲಿನಿಂದ ಬರಬೇಕು.

ಮಾಡುವ ಕ್ರಮದಲ್ಲಿ ಮೊದಲನೆಯದು ಪಾತ್ರೆ. ಚೀನೀಯರು ‘ಗಾಯ್‌ವಾನ್’ ಎನ್ನುವ, ಮುಚ್ಚಳ, ಬಟ್ಟಲು, ಅಡಿತಟ್ಟೆ ಮೂರು ಸೇರಿದ ಪಿಂಗಾಣಿಯ ಸಾಮಾನು ಇದಕ್ಕೆ ಸರ್ವೋತ್ತಮ. ಮುಚ್ಚಳ ಆಕಾಶ, ತಟ್ಟೆ ಭೂಮಿ, ನಡುವಿನ ಬಟ್ಟಲು ಮನುಷ್ಯ ಎಂದು ಅವರ ಭಾವನೆ. ಊಲಾಂಗಿಗೆ ಹೆಸರಾದ ಯೀಶಿಂಗ್ ಊರಿನ ಕೆಮ್ಮಣ್ಣಿನ ಹೂಜಿ ಇಲ್ಲಿ ಬೇಡ. ಒಳಮೈಗೆ ಮೆರುಗಿಲ್ಲದ ಆ ಮಣ್ಣು ವಾಸನೆಯನ್ನು ಹೀರಿಕೊಳ್ಳುವುದರಿಂದ, ಒಮ್ಮೆ ಬೇರಿನ ಸಿಹಿ ಹತ್ತಿದರೆ ಮುಂದೆ ಅದರಲ್ಲಿ ಮಾಡುವ ಚಹಾಕ್ಕೆಲ್ಲ ಅದರ ಸೋಂಕು ತಗಲುತ್ತದೆ. ನಮ್ಮ ಮನೆಗಳಲ್ಲಿ ಮುಚ್ಚಳವಿರುವ ಸಣ್ಣ ಪಿಂಗಾಣಿ ಕಪ್ಪು ಸಾಕು, ಇಲ್ಲವೇ ಗಾಜಿನದಾದರೂ ಆದೀತು. ನೂರು ನೂರಿಪ್ಪತ್ತು ಮಿಲಿಲೀಟರ್ ಹಿಡಿಯುವ ಬಟ್ಟಲಿಗೆ 5ರಿಂದ 6 ಗ್ರಾಂ. ನೋಡಲು ಬಹಳ ಕಡಮೆಯೆನಿಸುತ್ತದೆ, ಬಟ್ಟಲಿನ ತಳವೂ ಪೂರ್ತಿ ಮುಚ್ಚುವುದಿಲ್ಲ, ಆದರೆ ಕೈ ತಡೆಯಬೇಕು.

ನೀರು ಕುದಿಯುವುದರಲ್ಲಿ ಮೂರು ಅವಸ್ಥೆಗಳನ್ನು ಲೂ ಯೂ ಎಣಿಸಿದ್ದಾನೆ: ಮೀನಿನ ಕಣ್ಣಿನಂಥ ಗುಳ್ಳೆ ಎದ್ದು ಸಣ್ಣಗೆ ಸದ್ದಾಗುವುದು ಒಂದು, ಪಾತ್ರೆಯ ಅಂಚಿನಲ್ಲಿ ಮುತ್ತಿನ ಸರದಂತೆ ಗುಳ್ಳೆ ಏರುವುದು ಎರಡು, ಅಲೆಯೆದ್ದು ಮೊರೆಯುವುದು ಮೂರು. ಅವನ ಕಾಲದ ಪುಡಿ ಚಹಾಕ್ಕೆ ಮೂರನೆಯ ಅವಸ್ಥೆ ದಾಟಿದ ನೀರು ನಿಷಿದ್ಧ. ಈ ಗಟ್ಟಿ ಗುಂಡುಗಳಿಗಾದರೋ ಅಂಚಿನ ಮುತ್ತಿನ ಸರ ಮುರಿದು ಅಲೆಯೇಳುವ ಸಂಧಿಯ ನೀರೇ ಬೇಕು, ಎಂದರೆ 95 ಡಿಗ್ರಿ ಸೆಲ್ಸಿಯಸ್ಸಿಗೆ ಕಡಮೆಯಿರಬಾರದು. ಆರಿದ ನೀರಿಗೆ ಕವಚ ಕರಗೀತೇ ಹೊರತು ಒಳಗಿನ ಎಲೆ ಕಣ್ಣು ತೆರೆಯದು. ಮೊದಲು ಬಟ್ಟಲನ್ನು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿ, ಚಹಾ ಹಾಕಿ, ನೀರು ಹೊಯ್ದು ಐದು ಎಣಿಸುವಷ್ಟರಲ್ಲಿ ಬಸಿದುಬಿಡಬೇಕು. ಸಡಿಲ ಪುಡಿಯೆಲ್ಲ ಅದರೊಡನೆ ಹೋಗುತ್ತದೆ. ಮುಚ್ಚಳ ಹಾಕಿ ಒಂದು ನಿಮಿಷ ಬಿಟ್ಟರೆ ಉಳಿದ ಹಬೆಯಲ್ಲಿಯೇ ಗುಂಡುಗಳು ನೆನೆದು ಸಡಿಲವಾಗತೊಡಗುತ್ತವೆ. ಆಮೇಲೆ ನಿಜವಾದ ಮೊದಲ ನೀರು: ಮುಕ್ಕಾಲು ನಿಮಿಷದಿಂದ ಒಂದು ನಿಮಿಷ. ಎರಡನೆಯದಕ್ಕೆ ಎಲೆ ಆಗಲೇ ಸಡಿಲಗೊಂಡಿರುವುದರಿಂದ ಅರ್ಧ ನಿಮಿಷ ಸಾಕು. ಅಲ್ಲಿಂದ ಮುಂದೆ ಸಲಸಲಕ್ಕೂ ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗಬಹುದು. ಇಷ್ಟೆಲ್ಲ ವ್ಯವಧಾನವಿಲ್ಲದವರು ದೊಡ್ಡ ಲೋಟದ 200 ಮಿಲಿಲೀಟರ್ ನೀರಿಗೆ 3 ಗ್ರಾಂ ಹಾಕಿ ಮೂರು ನಾಲ್ಕು ನಿಮಿಷ ಮುಚ್ಚಿಟ್ಟು ಕುಡಿದರೂ ದೋಷವಿಲ್ಲ. ಆದರೆ ಬೇರು ಹಿಂದೆ ಸರಿದು ಎಲೆ ಮುಂದೆ ಬರುವ ಕ್ರಮವನ್ನು ಅವರು ಕಾಣಲಾರರು. ಡಬ್ಬಿಯನ್ನು ಒದ್ದೆ ಚಮಚದಿಂದ ಮುಟ್ಟಬಾರದು; ಪುಡಿ ತೇವವನ್ನು ಎಳೆದುಕೊಂಡು ಮುಗ್ಗುತ್ತದೆ.

ಮೂಲಿಕೆಯೆಂದ ಮಾತ್ರಕ್ಕೆ ಎಲ್ಲರಿಗೂ ಹಿತವೆನ್ನಲಾಗದು. ಜ್ಯೇಷ್ಠಮಧುವನ್ನು ಬಹಳ ದಿನ ಬಹಳವಾಗಿ ಸೇವಿಸಿದರೆ ದೇಹದ ಪೊಟ್ಯಾಸಿಯಮ್ ಕುಗ್ಗಿ ರಕ್ತದ ಒತ್ತಡ ಏರುತ್ತದೆ. ಅಮೆರಿಕದ ಜಿನ್ಸೆಂಗ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧದ ಬಲವನ್ನು ತಗ್ಗಿಸುತ್ತದೆ. ಒತ್ತಡದ ಕಾಯಿಲೆಯವರೂ ಅಂಥ ಔಷಧ ತೆಗೆದುಕೊಳ್ಳುವವರೂ ಬಸುರಿಯರೂ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಕೆಫೀನ್ ಇದ್ದೇ ಇರುವುದರಿಂದ ನಾನು ಇದನ್ನು ಸಂಜೆ ನಾಲ್ಕರ ಮೇಲೆ ಮುಟ್ಟುವುದಿಲ್ಲ.

ಮೊನ್ನೆ ಭಾನುವಾರ ಬೆಳಗ್ಗೆ, ಮಳೆ ಹಿಡಿದು ಎಲ್ಲಿಗೂ ಹೋಗುವಂತಿಲ್ಲದೆ, ಒಂದೇ ಹಿಡಿ ಎಲೆಗೆ ಏಳು ಸಲ ನೀರು ಹೊಯ್ದೆ. ಮೊದಲನೆಯದು ಬೇರಿನದೇ ಬಟ್ಟಲು: ಮಣ್ಣಿನ ಕಂಪು, ದಪ್ಪ ಸಿಹಿ, ತುಟಿಗೆ ಹತ್ತುವ ನುಣುಪು. ಎರಡನೆಯದರಲ್ಲಿ ಅದರ ಹಿಂದಿನಿಂದ ಹೂವಿನ ವಾಸನೆಯೊಂದು ಇಣುಕಿತು. ಮೂರನೆಯದರಲ್ಲಿ ಎರಡೂ ಸಮನಾಗಿ ನಿಂತವು; ನನ್ನ ಮಟ್ಟಿಗೆ ಈ ಚಹಾದ ಸೊಗಸೆಲ್ಲ ಆ ಬಟ್ಟಲಿನಲ್ಲಿದೆ. ನಾಲ್ಕರ ಮೇಲೆ ನೀರು ತಿಳಿಯಾಯಿತು, ಒಗರು ಕಾಣಿಸಿಕೊಂಡಿತು. ಏಳನೆಯದನ್ನು ಬಸಿದ ಮೇಲೆ ಮುಚ್ಚಳ ತೆಗೆದು ನೋಡಿದರೆ, ತಳವೂ ಮುಚ್ಚದಿದ್ದ ಆ ಹರಳುಗಳು ಬಟ್ಟಲಿನ ಅಂಚಿನವರೆಗೂ ಉಬ್ಬಿ ನಿಂತಿದ್ದವು. ಒಂದು ಕುಡಿಯನ್ನು ಎತ್ತಿ ಬಿಳಿಯ ತಟ್ಟೆಯ ಮೇಲೆ ಬೆರಳಿನಿಂದ ಹರಡಿದೆ. ಒಂದೇ ತೊಟ್ಟಿಗೆ ಮೂರು ಎಲೆ. ಹಸುರು ಒಡಲು, ಸುತ್ತಲೂ ಕೆಂಪು ಅಂಚು, ನಮ್ಮ ಕಡೆಯ ಇಳಕಲ್ ಸೀರೆಗೆ ನೇಯ್ದ ದಡಿಯಂತೆ. ಕವಚದ ಪುಡಿ ಒಂದು ಕಣವೂ ಉಳಿದಿರಲಿಲ್ಲ. ಆ ಎಲೆಯನ್ನು ಬಾಯಿಗಿಟ್ಟು ಅಗಿದೆ. ಮೊದಲು ಒಗರು; ಆಮೇಲೆ, ಒಂದು ಉಸಿರಿನಷ್ಟು ತಡೆದು, ಜ್ಯೇಷ್ಠಮಧುವಿನದಲ್ಲದ ಸಿಹಿ.